ಒಪ್ಪ ಮತ್ತು ಲೇಪ

ಘತ್ತರಗಿಗೆ ಭಾಗ್ಯವಂತಿಯ ದರ್ಶನಕ್ಕೆಂದು ಬಂದವರು ಮೊದಲು ಭೀಮಾ ಹೊಳೆಗೆ ಇಳಿಯುತ್ತಾರೆ. ಇಳಿದವರಲ್ಲಿ ಯಾರಾದರೊಬ್ಬರು ಬಗ್ಗಿ ಒಂದು ಕಲ್ಲು ಎತ್ತಿಕೊಳ್ಳದೆ ಇರುವುದಿಲ್ಲ. ಮಕ್ಕಳಾದರೆ ಕಿಸೆ ಜೋತುಬೀಳುವಷ್ಟು ತುಂಬಿಕೊಳ್ಳುತ್ತವೆ. ನೀರಿನೊಳಗೆ ಆ ಕಲ್ಲಿನ ಬಣ್ಣವನ್ನು ಏನೆಂದು ಹೇಳಲಿ! ಒಂದು ಬೆಲ್ಲದ ಪಾಕದಂತೆ, ಇನ್ನೊಂದು ಹಾಲು ಬೆರೆಸಿದ ನೀಲಿಯಂತೆ, ಮತ್ತೊಂದರ ಮೈತುಂಬ ಈರುಳ್ಳಿ ಕೊಯ್ದಂತೆ ಸುತ್ತು ಸುತ್ತು ಗೆರೆ. ಆದರೆ ತಿರುಗಿ ಹೋಗುವ ಬಸ್ಸು ಅಫಜಲಪುರ ಮುಟ್ಟುವಷ್ಟರಲ್ಲಿ ಕಿಸೆಯೊಳಗಿನ ಕಲ್ಲು ಒಣಗಿ, ಬೂದಿ ಬಡಿದ ಮುಖ ಮಾಡಿಕೊಂಡು ಕೂತಿರುತ್ತದೆ. ಮನೆಗೆ ಹೋದ ಮೇಲೆ ಅದನ್ನು ಹೊಳೆಯಲ್ಲಿ ಕಂಡ ಹಾಗೆಯೇ ಮಾಡಬೇಕೆಂಬ ಆಸೆ ಹುಟ್ಟುತ್ತದೆ. ಈ ಆಸೆ ತಪ್ಪಲ್ಲ. ಅದನ್ನು ತೀರಿಸಿಕೊಳ್ಳುವ ರೀತಿಯ ಬಗ್ಗೆ ನನ್ನ ತಕರಾರು.

ನನ್ನ ಮಿತ್ರರೊಬ್ಬರು ತಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ಕಪಾಟು ಮಾಡಿಸಿದ್ದಾರೆ. ಅದರ ತುಂಬ ಹೊಳೆಯ ಕಲ್ಲುಗಳು. ದೀಪ ಹಾಕಿದರೆ ಒಡವೆಯಂಗಡಿಯ ಸೊಬಗು. ಬಂದ ಬೀಗರೆಲ್ಲ ಬಾಯಿ ತೆರೆದು ನೋಡುತ್ತಾರೆ. ನಾನೂ ನೋಡಿದೆ; ನೋಡಿ, "ಇಷ್ಟು ತಿಕ್ಕುವುದಕ್ಕೆ ಎಷ್ಟು ವರ್ಷ ಹಿಡಿಯಿತು?" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. "ತಿಕ್ಕೋದೇನ್ ಬಂತ್ರೀ? ವಾರ್ನಿಷ್ ಅದ. ಒಂದ್ ಕೈ ಹಚ್ಚಿದ್ರ ಸಾಕು, ಮುಂಜಾನಿಕ್ಕ ಮಣಿ ಆಗಿ ಕುಂತಿರ್ತದ" ಎಂದರು.

ಆ ಮಾತಿಗೆ ನನಗೆ ನಗು ಬರಲಿಲ್ಲ. ಕನ್ನಡದಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಒಂದು ಲೇಪ, ಇನ್ನೊಂದು ಒಪ್ಪ. ಲೇಪ ಹೊರಗಿನಿಂದ ಬಂದು ಕೂಡುತ್ತದೆ. ಒಪ್ಪ ಒಳಗಿನಿಂದ ಹೊರಡುತ್ತದೆ, ಕೂಡಿದ್ದರಿಂದಲ್ಲ, ಕಳೆದದ್ದರಿಂದ. ನಮ್ಮ ಹಿರಿಯರು ಕತ್ತಿಗೆ ಒಪ್ಪವಿಟ್ಟರು, ಮುತ್ತು ರತ್ನಕ್ಕೆ ಒಪ್ಪವಿಟ್ಟರು. ಈಗ ನಾವು ಎಲ್ಲಕ್ಕೂ ಸೇರಿ 'ಪಾಲಿಶ್' ಎಂಬ ಒಂದೇ ಮಾತು ಇಟ್ಟುಕೊಂಡು, ಡಬ್ಬಿಯಿಂದ ಹಚ್ಚಿದ್ದನ್ನೂ ತಿಂಗಳುಗಟ್ಟಲೆ ಉಜ್ಜಿ ತೆಗೆದದ್ದನ್ನೂ ಒಂದೇ ತಕ್ಕಡಿಗೆ ಹಾಕಿದ್ದೇವೆ. ಮಾತು ಸವೆದರೆ ವಿವೇಕವೂ ಸವೆಯುತ್ತದೆ.

ವಾರ್ನಿಷಿನವರ ವಾದವನ್ನು ಅವರಿಗಿಂತ ಚೆನ್ನಾಗಿ ನಾನೇ ಹೇಳಬಲ್ಲೆ. ಒಣಗಿದ ಕಲ್ಲು ಮಬ್ಬಾಗಿ ಕಾಣುವುದೇಕೆ? ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿ, ಗೀರು, ಗುಂಡಿಗಳು ತುಂಬಿರುತ್ತವೆ. ಬಿದ್ದ ಬೆಳಕು ಅವುಗಳಿಗೆ ಬಡಿದು ದಿಕ್ಕಾಪಾಲಾಗಿ ಚೆದರುತ್ತದೆ. ಚೆದರಿದ ಬೆಳಕೇ ಆ ಬಿಳಿ ಮಬ್ಬು. ನೀರು ಆ ಗುಂಡಿಗಳನ್ನೆಲ್ಲ ತುಂಬಿ ಮಟ್ಟ ಮಾಡುತ್ತದೆ. ಬೆಳಕು ನೆಟ್ಟಗೆ ಒಳಗೆ ಇಳಿದು ಬಣ್ಣ ಹೊತ್ತುಕೊಂಡು ಹೊರಗೆ ಬರುತ್ತದೆ. ವಾರ್ನಿಷ್ ಮಾಡುವುದೂ ಇದನ್ನೇ. ಅದು ಆರದ ನೀರು, ಅಷ್ಟೆ. ಆದ್ದರಿಂದ "ನಾವು ಕಲ್ಲಿಗೆ ಹೊಳೆಯ ನೀರನ್ನೇ ಕಾಯಂ ಮಾಡಿ ಕೊಟ್ಟಿದ್ದೇವೆ, ಇದರಲ್ಲಿ ಮೋಸವೇನು?" ಎಂದು ಅವರು ಕೇಳಬಹುದು.

ಕೇಳಲಿ. ನಾನೂ ಒಂದು ಕಾಲಕ್ಕೆ ಹಾಗೆಯೇ ನಂಬಿ ಇಪ್ಪತ್ತು ಮೂವತ್ತು ಕಲ್ಲುಗಳಿಗೆ ಹಚ್ಚಿದವನು. ಮೊದಲ ತಿಂಗಳು ಹಬ್ಬ. ಕಿಟಕಿಯ ಬಿಸಿಲು ಬೀಳುವ ಕಡೆ ಇಟ್ಟಿದ್ದವು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಳದಿಗಟ್ಟಿದವು. ಕಲಬುರಗಿ ಸೀಮೆಯ ಬಿಸಿಲು ಮನುಷ್ಯರ ಬಣ್ಣವನ್ನೇ ಉಳಿಸುವುದಿಲ್ಲ, ರಾಳದ ಎಣ್ಣೆಯ ಬಣ್ಣ ಉಳಿಸೀತೆ? ಆಮೇಲೆ ಅಂಚುಗಳಲ್ಲಿ ಪೊರೆ ಎದ್ದಿತು. ಎದ್ದ ಪೊರೆಯ ಕೆಳಗೆ ಧೂಳು ಸೇರಿತು. ಕೊನೆಗೆ ನನ್ನ ನೀಲಿ ಕಲ್ಲು ಹುಳುಕು ಹಲ್ಲಿನಂತೆ ಕಂಡಿತು. ಕೈಯಲ್ಲಿ ಹಿಡಿದರೆ ಕಲ್ಲಿನ ತಂಪು ಸಹ ಇಲ್ಲ. ಪ್ಲಾಸ್ಟಿಕ್ ಗುಂಡಿಯ ಹಾಗೆ ಬೆಚ್ಚಗೆ, ಜಾರುಜಾರು. ಕಲ್ಲು ಮುಟ್ಟಿದೆನೆಂದುಕೊಂಡು ಅಷ್ಟು ದಿನ ನಾನು ಮುಟ್ಟಿದ್ದು ವಾರ್ನಿಷನ್ನು.

ಇದಕ್ಕೂ ಅವರ ಬಳಿ ಉತ್ತರವಿದೆ. "ಗುಡಿಯೊಳಗಿನ ದೇವರಿಗೆ ಎಣ್ಣೆ ಹಚ್ಚುವುದಿಲ್ಲವೆ? ಇಷ್ಟಲಿಂಗದ ಮೇಲೆ ಕಪ್ಪು ಲೇಪ ಇರುವುದಿಲ್ಲವೆ?" ಎಂದು ಒಮ್ಮೆ ನನ್ನನ್ನು ಕಟ್ಟಿಹಾಕಲು ನೋಡಿದರು. ಹಚ್ಚುತ್ತಾರೆ, ಇರುತ್ತದೆ. ಆದರೆ ದೇವರಿಗೆ ಎಣ್ಣೆ ಹಚ್ಚುವುದು ಸೇವೆ. ಇಷ್ಟಲಿಂಗದ ಲೇಪ ಅದರ ಕವಚ, ಅದರ ಲಕ್ಷಣ. ಧರಿಸಿದವರು ಯಾರೂ "ನೋಡಿ, ನನ್ನ ಕಲ್ಲು ಎಷ್ಟು ಹೊಳೆಯುತ್ತದೆ" ಎಂದು ಬೀಗರ ಮುಂದೆ ಹಿಡಿಯುವುದಿಲ್ಲ. ಲೇಪ ತಾನು ಲೇಪವೆಂದು ಒಪ್ಪಿಕೊಂಡರೆ ನನಗೆ ಅದರ ಮೇಲೆ ದ್ವೇಷವಿಲ್ಲ. ತಾನೇ ಕಲ್ಲಿನ ಗುಣ ಎಂದು ನಟಿಸತೊಡಗಿದಾಗ ಅದು ಸುಳ್ಳು. ಒಡೆಯುವ ಮೆತ್ತನೆಯ ಕಲ್ಲನ್ನು ಉಳಿಸಲು ಲೇಪ ಹಚ್ಚುವವರಿದ್ದಾರೆ, ಅದು ಔಷಧ. ಗಟ್ಟಿ ಆಳಿಗೆ ಔಷಧ ಕುಡಿಸುವುದೇಕೆ?

ಗಟ್ಟಿ ಆಳು ಎಂದೆ. ಅದು ಅಲಂಕಾರದ ಮಾತಲ್ಲ. ಭೀಮೆ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಪಂಢರಪುರದಲ್ಲಿ ಚಂದ್ರಭಾಗಾ ಎಂದು ಕರೆಸಿಕೊಂಡು ನಮ್ಮ ಸೀಮೆಗೆ ಬರುತ್ತಾಳೆ. ಘತ್ತರಗಿಯವರೆಗೂ ಅವಳ ದಾರಿಯೆಲ್ಲ ಹೆಚ್ಚಾಗಿ ದಖ್ಖನ್ನಿನ ಕರಿಕಲ್ಲಿನದು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಆರುವಾಗ ಅದರೊಳಗೆ ಗಾಳಿಗುಳ್ಳೆಗಳು ಸಿಕ್ಕಿಹಾಕಿಕೊಂಡವು, ದೋಸೆಯ ತೂತಿನ ಹಾಗೆ. ಆಮೇಲೆ ಯುಗಗಟ್ಟಲೆ ನೆಲದೊಳಗಿನ ನೀರು ಸಿಲಿಕವನ್ನು ಕರಗಿಸಿ ತಂದು ಆ ಗುಳ್ಳೆಗಳ ಒಳಗೋಡೆಗೆ ಸುತ್ತು ಸುತ್ತಾಗಿ ಬಳಿಯಿತು. ಆ ಸುತ್ತುಗಳೇ ಅಗೇಟಿನ ಗೆರೆಗಳು. ನಮ್ಮ ಕಡೆ ಉಂಗುರಕ್ಕೆ ಹಾಕಿಕೊಳ್ಳುವ ಅಕೀಕ್ ಎಂದರೂ ಇದೇ. ಕರಿಕಲ್ಲು ಮಳೆಗೆ ಕೊಳೆತು ಎರೆಮಣ್ಣಾಯಿತು; ಜೋಳ, ತೊಗರಿ ಬೆಳೆಯಿತು. ಒಳಗಿನ ಗಟ್ಟಿ ಗುಳ್ಳೆ ಮಾತ್ರ ಕೊಳೆಯದೆ ಉಳಿದು, ಉರುಳಿ ಹೊಳೆಗೆ ಬಂತು. ಬಂಡೆಯೇ ಮಣ್ಣಾದರೂ ತಾನು ಕಲ್ಲಾಗಿ ಉಳಿದ ವಸ್ತುವಿಗೆ ಡಬ್ಬಿಯ ಎಣ್ಣೆಯಿಂದ ಮರ್ಯಾದೆ ಬರಬೇಕೆ?

ಹಾಗಾದರೆ ಒಪ್ಪ ತೆಗೆಯುವುದು ಹೇಗೆ? ಬಯ್ಯುವವನು ದಾರಿ ತೋರಿಸಬೇಕು. ಮೊದಲು ಕಲ್ಲಿನ ಜಾತಿ ತಿಳಿಯಿರಿ. ಚಾಕುವಿನ ಮೊನೆಯಿಂದ ಗೀಚಿದರೆ ಗೀರು ಬೀಳದೆ, ಚಾಕುವಿನ ಉಕ್ಕೇ ಬೂದುಗೆರೆಯಾಗಿ ಉಳಿದರೆ ಅದು ಅಗೇಟ್, ಚಕಮಕಿ, ಬೆಣಚುಕಲ್ಲಿನ ವಂಶ. ಗಡಸುತನದ ಹತ್ತು ಮೆಟ್ಟಿಲ ಏಣಿಯಲ್ಲಿ ಅದು ಏಳನೆಯದು. ಗೀರು ಸಲೀಸಾಗಿ ಬಿದ್ದು, ಲಿಂಬೆರಸ ಹಾಕಿದರೆ ಬುಸ್ಸೆಂದು ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು, ನಮ್ಮ ಶಹಾಬಾದ ಫರ್ಸಿಯ ನೆಂಟ. ಅದರಲ್ಲಿರುವ ಸುಣ್ಣದ ಹರಳು ಮೂರನೆಯ ಮೆಟ್ಟಿಲಿನದು. ಏಳನ್ನೂ ಮೂರನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ತಿರುಗಿಸಿದರೆ ಏಳು ಹಾಗೇ ಇರುತ್ತದೆ, ಮೂರು ರಾಡಿಯಾಗಿರುತ್ತದೆ.

ಕೈಯಿಂದ ತಿಕ್ಕುವವರಿಗೆ ಬಣ್ಣದಂಗಡಿಯಲ್ಲಿ ಸಿಗುವ ವಾಟರ್ ಪೇಪರ್ ಸಾಕು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಕಪ್ಪು ಕಾಗದ. ಅದರ ಮೇಲಿನ ಸಿಲಿಕಾನ್ ಕಾರ್ಬೈಡ್ ಪುಡಿ ಅಗೇಟಿಗಿಂತ ಗಟ್ಟಿ. 120ರಿಂದ ಆರಂಭ. ಆಮೇಲೆ 220, 400, 600, 1000, 2000. ಪ್ರತಿ ಮೆಟ್ಟಿಲಿಗೂ ನೀರು ಬೇಕು. ಪ್ರತಿ ಮೆಟ್ಟಿಲಿನ ನಂತರವೂ ಕಲ್ಲು, ಕೈ, ಉಗುರಿನ ಸಂದಿ ಎಲ್ಲ ತೊಳೆಯಬೇಕು. 120ರ ಒಂದು ಕಣ ಉಳಿದು 1000ಕ್ಕೆ ಬಂದರೆ ಎರಡು ದಿನದ ಕೆಲಸದ ಮೇಲೆ ಒಂದು ಉದ್ದ ಗೀರು ಎಳೆದು ಹೋಗುತ್ತದೆ. ಕಲ್ಲನ್ನು ಒರೆಸಿ ಒಣಗಿಸಿ ಬಿಸಿಲಿಗೆ ಹಿಡಿದೇ ಪರೀಕ್ಷಿಸಬೇಕು. ಒದ್ದೆ ಕಲ್ಲು ಯಾವಾಗಲೂ ಸುಳ್ಳು ಹೇಳುತ್ತದೆ. ಹಿಂದಿನ ಮೆಟ್ಟಿಲಿನ ಗೀರು ಒಂದೂ ಉಳಿದಿಲ್ಲವೆಂದು ಖಾತ್ರಿಯಾಗದೆ ಮುಂದಿನದಕ್ಕೆ ಹೋದವನು ತಿರುಗಿ 120ಕ್ಕೇ ಬರುತ್ತಾನೆ. ಇದು ನಾನು ನಾಲ್ಕು ಸಲ ಕಲಿತ ಪಾಠ. ಕೊನೆಗೆ ಹಳೆಯ ಚಪ್ಪಲಿಯ ತೊಗಲಿನ ಮೇಲೆ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ ಉಜ್ಜಬೇಕು. ಗಾಜು ತಿಕ್ಕುವವರು ಬಳಸುವ ಪುಡಿಯದು. ಮೊದಲು ಏನೂ ಆಗುವುದಿಲ್ಲ. ಕೈ ಸೋತು ಬಿಟ್ಟುಬಿಡೋಣ ಎನ್ನುವ ಹೊತ್ತಿಗೆ ಕಲ್ಲಿನ ಮೇಲೆ ಕಿಟಕಿಯ ಸರಳುಗಳು ಕಾಣುತ್ತವೆ. ಒಣಗಿದ ಕಲ್ಲಿನ ಮೇಲೆ, ನೀರಿಲ್ಲದೆ, ಎಣ್ಣೆಯಿಲ್ಲದೆ.

ಡಬ್ಬಿ ತಿರುಗಿಸುವವರ ದಾರಿಯೂ ಇದೇ. ರಬ್ಬರಿನ ಒಳಪದರದ ಡಬ್ಬಿಯನ್ನು ಮುಕ್ಕಾಲು ತುಂಬಿ, ಪುಡಿ, ನೀರು ಹಾಕಿ ಸಣ್ಣ ಮೋಟರಿನಿಂದ ಹಗಲಿರುಳು ಉರುಳಿಸಬೇಕು. ಒರಟು ಪುಡಿಗೆ ಒಂದು ವಾರ, ನಡುವಿನದಕ್ಕೆ ಒಂದು, ನಯದ್ದಕ್ಕೆ ಒಂದು, ಒಪ್ಪಕ್ಕೆ ಒಂದು. ಅಂತೂ ಒಂದು ತಿಂಗಳು. ನಡುವೆ ಕರೆಂಟು ಹೋಗಿ ಬಹಳ ಹೊತ್ತು ನಿಂತರೆ ಒಳಗಿನ ರಾಡಿ ತಳಕ್ಕೆ ಇಳಿದು ಗಟ್ಟಿಯಾಗಿ ಕೂಡುತ್ತದೆ. ಅದನ್ನು ಬಚ್ಚಲಿಗೆ ಸುರಿದರೆ ಬಚ್ಚಲೂ ಕಟ್ಟುತ್ತದೆ, ಮನೆಯವರ ಮಾತೂ ಬೆಳೆಯುತ್ತದೆ. ಹಿತ್ತಲಿನ ತಗ್ಗಿಗೆ ಸುರಿಯಿರಿ.

ಇದೆಲ್ಲ ಹೊಸ ವಿದ್ಯೆಯೇನೂ ಅಲ್ಲ. ಕುರುಂದದ ಕಲ್ಲನ್ನು ಪುಡಿ ಮಾಡಿ ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡುವುದು ಈ ದೇಶದ ಹಳೆಯ ಕಸಬು. ಇಂಗ್ಲಿಷಿನ 'ಕೊರಂಡಮ್' ಎಂಬ ಮಾತು ತಮಿಳಿನ ಕುರುಂದದಿಂದಲೇ ಹೋದದ್ದು. ರಾಯಚೂರು ಜಿಲ್ಲೆಯ ಮಸ್ಕಿ ಎಂದರೆ ನಮಗೆ 1915ರಲ್ಲಿ ದೊರೆತ, ಅಶೋಕನ ಹೆಸರುಳ್ಳ ಶಾಸನ ಮಾತ್ರ ನೆನಪಾಗುತ್ತದೆ. ಅದೇ ಊರಿನ ನೆಲದಲ್ಲಿ 1954ರಲ್ಲಿ ಅಗೆದಾಗ ಅಗೇಟ್ ಮೊದಲಾದ ಕಲ್ಲುಗಳ ಮಣಿಗಳು ಸಿಕ್ಕವು. ತಿಕ್ಕಿದವರ ಹೆಸರು ಇಲ್ಲ; ಒಪ್ಪ ಇದೆ. ಅವರು ಹಚ್ಚಿದ್ದರೆ ಎಂದೋ ಹೋಗುತ್ತಿತ್ತು. ಕಳೆದದ್ದರಿಂದ ಉಳಿಯಿತು.

ಇಲ್ಲಿಯವರೆಗೆ ನಾನು ವಾರ್ನಿಷಿನವರನ್ನು ಬಯ್ದೆ. ಇನ್ನು ತಿಕ್ಕುವವರ ಸರದಿ. ಅವರ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ಒಪ್ಪವೆಂದರೆ ಕಳೆಯುವುದು ಎಂದೆ. ಕಳೆದದ್ದು ಎಲ್ಲಿ ಹೋಗುತ್ತದೆ? ಇದನ್ನು ಕೇಳದೆ ಸಾಣೆಯ ಮುಂದೆ ಕೂಡುವವನು ಅಪರಾಧಿ. ಅಗೇಟಿನ ಪುಡಿ ಬರೀ ಧೂಳಲ್ಲ, ಸಿಲಿಕದ ಕಣ. ಒಣಗಿಸಿ ತಿಕ್ಕಿದರೆ ಅದು ಗಾಳಿಯಲ್ಲಿ ತೇಲಿ ಶ್ವಾಸಕೋಶದ ತಳ ಸೇರುತ್ತದೆ, ಅಲ್ಲಿಂದ ತಿರುಗಿ ಬರುವುದಿಲ್ಲ. ಗುಜರಾತಿನ ಖಂಭಾತ್ ಶತಮಾನಗಳಿಂದ ಅಗೇಟ್ ಮಣಿಗಳಿಗೆ ಪ್ರಸಿದ್ಧ. ಅಲ್ಲಿ ಮನೆಮನೆಯ ಸಾಣೆಗಳಲ್ಲಿ ಕಲ್ಲು ತಿಕ್ಕಿದವರು ಸಿಲಿಕೋಸಿಸ್ ಎಂಬ ರೋಗದಿಂದ ಕೆಮ್ಮಿ ಕೆಮ್ಮಿ ಸತ್ತಿದ್ದಾರೆ. ಕೆಲಸ ಮನೆಯಲ್ಲೇ ಆದ್ದರಿಂದ ಚಕ್ರ ಮುಟ್ಟದವರೂ ಆ ಧೂಳು ಕುಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿ ಈ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅವರು ಹೊಟ್ಟೆಗಾಗಿ ತಿಕ್ಕಿದರು. ನಾವು ಹವ್ಯಾಸಕ್ಕೆ ತಿಕ್ಕುವವರು. ಹವ್ಯಾಸದ ಹೆಸರಿನಲ್ಲಿ ಕರೆಂಟಿನ ಗ್ರೈಂಡರ್ ತಂದು ಪಡಸಾಲೆಯಲ್ಲಿ ಒಣಕಲ್ಲು ಉಜ್ಜುತ್ತ, ಪಕ್ಕದಲ್ಲಿ ಮೊಮ್ಮಗನನ್ನು ಕೂಡಿಸಿಕೊಂಡು ತೋರಿಸುವವರನ್ನು ನಾನು ಕಂಡಿದ್ದೇನೆ. ಮೂಗಿಗೆ ಟವೆಲು ಕಟ್ಟಿದರೆ ಆಯಿತೆಂಬ ನಂಬಿಕೆ ಬೇರೆ. ಟವೆಲು ಆ ಕಣವನ್ನು ತಡೆಯುವುದಿಲ್ಲ. ನೀರು ತಡೆಯುತ್ತದೆ. ಒದ್ದೆಯಾಗಿ ತಿಕ್ಕಿರಿ, ಮನೆಯ ಹೊರಗೆ ತಿಕ್ಕಿರಿ, ಚೆಲ್ಲಿದ ರಾಡಿಯನ್ನು ಒಣಗುವ ಮೊದಲೇ ಒರೆಸಿರಿ. ಆಗದಿದ್ದರೆ ಕಲ್ಲನ್ನು ಒಂದು ಬಟ್ಟಲ ನೀರಿನಲ್ಲಿ ಹಾಕಿ ಮೇಜಿನ ಮೇಲಿಡಿ. ವಾರ್ನಿಷಿಗಿಂತ ಅದು ಪ್ರಾಮಾಣಿಕ, ಗ್ರೈಂಡರಿಗಿಂತ ಅದು ಆರೋಗ್ಯ.

ಇನ್ನೊಂದು ಮಾತು ಉಳಿದಿದೆ. ಅದನ್ನು ಹೇಳುವುದಕ್ಕಾಗಿಯೇ ಇಷ್ಟೆಲ್ಲ ಬರೆದೆ ಎಂದರೂ ಸರಿ.

ಒಮ್ಮೆ ಘತ್ತರಗಿಯಲ್ಲಿ ಹೊಳೆಯಿಂದ ಮೇಲೆ, ಹೊಲದ ಬದುವಿನಲ್ಲಿ ನನಗೊಂದು ಕಲ್ಲು ಸಿಕ್ಕಿತು. ಹೆಬ್ಬೆರಳಿನಷ್ಟು ಉದ್ದ, ಹಾಲುಬಣ್ಣ. ಹೊಳೆಯ ಕಲ್ಲಿನಂತೆ ದುಂಡಗಿರಲಿಲ್ಲ. ಒಂದು ಮಗ್ಗುಲಿಗೆ ಮೇಲಿನಿಂದ ಕೆಳಗೆ ನೇರವಾಗಿ ಐದಾರು ಉದ್ದನೆಯ ತಗ್ಗುಗಳು, ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ. "ಎಲ್ಲೋ ಒಡೆದ ಕಲ್ಲು, ತಿಕ್ಕಿದರೆ ಸರಿಹೋದೀತು" ಎಂದುಕೊಂಡು ತಂದೆ. ಆ ಏಣುಗಳನ್ನು ಮಟ್ಟ ಮಾಡಲು ನನಗೆ ಹನ್ನೊಂದು ಸಂಜೆಗಳು ಹಿಡಿದವು. ಎಂಥ ಒಪ್ಪ ಬಂತೆಂದರೆ ನನ್ನ ಸಂಗ್ರಹದಲ್ಲೇ ಅಂಥದು ಇನ್ನೊಂದಿಲ್ಲ. ಪುರಾತತ್ವ ಓದಿದ ಪರಿಚಿತರೊಬ್ಬರು ಮನೆಗೆ ಬಂದಾಗ ಹೆಮ್ಮೆಯಿಂದ ಕೈಗಿಟ್ಟೆ. ಸಿಕ್ಕಾಗ ಹೇಗಿತ್ತೆಂದು ಕೇಳಿದರು. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ತಳದಲ್ಲಿ ನಾನು ತಿಕ್ಕದೆ ಬಿಟ್ಟಿದ್ದ ಒಂದು ತಗ್ಗಿನ ತುದಿಯನ್ನು ಉಗುರಿನಿಂದ ತೋರಿಸಿ, "ಇದು ಒಡೆದದ್ದಲ್ಲ, ಒಡೆಸಿದ್ದು" ಎಂದರು.

ಆಮೇಲೆ ವಿವರಿಸಿದರು. ಕಬ್ಬಿಣ ಕಾಣದ ಕಾಲದ ಜನ ಇಂಥ ಕಲ್ಲಿನ ತಿರುಳಿನಿಂದ ಸಣ್ಣ ಅಲಗುಗಳನ್ನು ಒಂದೊಂದಾಗಿ ಸೀಳಿ ತೆಗೆಯುತ್ತಿದ್ದರು. ಆ ಅಲಗುಗಳನ್ನು ಕಟ್ಟಿಗೆಗೋ ಎಲುಬಿಗೋ ಕೂಡಿಸಿ ಕುಡಗೋಲು, ಚೂರಿ ಮಾಡುತ್ತಿದ್ದರು. ಇದೇ ಭೀಮೆಯ ಮೇಲ್ಸೀಮೆಯಲ್ಲಿ, ಅವಳ ಉಪನದಿ ಘೋಡ್ ದಂಡೆಯ ಇನಾಮಗಾಂವದಲ್ಲಿ 1968ರಿಂದ ವರ್ಷಗಟ್ಟಲೆ ಅಗೆದು ಇಂಥ ಅಲಗುಗಳನ್ನು ರಾಶಿಯಾಗಿ ಕಂಡಿದ್ದಾರೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ಒಕ್ಕಲಿಗರ ಊರು ಅದು. ಇತ್ತ ಯಾದಗಿರಿ ಜಿಲ್ಲೆಯ ಹುಣಸಗಿಯ ಬಯಲಿನಲ್ಲಿ ಪ್ರೊ. ಕೆ. ಪದ್ದಯ್ಯನವರು ಅದಕ್ಕಿಂತ ಲಕ್ಷಾಂತರ ವರ್ಷ ಹಳೆಯ ಸುಣ್ಣಗಲ್ಲಿನ ಕೈಗೊಡಲಿಗಳನ್ನು ಬಿದ್ದ ಜಾಗದಲ್ಲೇ ಗುರುತಿಸಿದರು. ನಾನು ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಕಲ್ಲನ್ನು ನೋಡುತ್ತಿದ್ದೆ. ಕಿಟಕಿಯ ಸರಳುಗಳು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಬೇರೇನೂ ಕಾಣುತ್ತಿರಲಿಲ್ಲ.

ವಾರ್ನಿಷನ್ನು ಉಜ್ಜಿ ತೆಗೆಯಬಹುದು. ನಾನು ತೆಗೆದ ಏಣುಗಳನ್ನು ಯಾರೂ ತಿರುಗಿ ಹಚ್ಚಲಾರರು. ಲೇಪದ ಸುಳ್ಳಿಗೆ ಪರಿಹಾರವಿದೆ, ಒಪ್ಪದ ತಪ್ಪಿಗೆ ಇಲ್ಲ. ಇದನ್ನು ವಾರ್ನಿಷ್ ಮಿತ್ರರ ಮುಂದೆ ಒಪ್ಪಿಕೊಂಡಾಗ ಅವರು ಸಹಜವಾಗಿಯೇ ಗೆದ್ದವರಂತೆ ನಕ್ಕರು. "ಅದಕ್ಕ ಅಂತೀನ್ರೀ, ಹಚ್ಚೋದ ಚೊಲೊ" ಎಂದರು. ಇಲ್ಲ, ಅಷ್ಟು ಸುಲಭಕ್ಕೆ ಅವರನ್ನು ಬಿಡುವುದಿಲ್ಲ. ಅವರ ಕಪಾಟಿನಲ್ಲಿ ಅಂಥ ಕಲ್ಲು ಎಷ್ಟಿವೆಯೋ! ಎಲ್ಲಿ ಸಿಕ್ಕಿತೆಂಬುದನ್ನು ಒಂದು ಚೀಟಿಯಲ್ಲೂ ಬರೆದಿಟ್ಟಿಲ್ಲ. ಕಲ್ಲು ಉಳಿದಿದೆ, ಜಾಗ ಕಳೆದಿದೆ. ಪುರಾತತ್ವದವರಿಗೆ ಜಾಗ ಗೊತ್ತಿಲ್ಲದ ಕಲ್ಲು ಊರಿಲ್ಲದ ಮನುಷ್ಯನ ಹಾಗೆ.

ಹಳೆಯ ಹಳ್ಳಿಗರು ಈ ವಿಷಯದಲ್ಲಿ ನಮ್ಮಿಬ್ಬರಿಗಿಂತ ಮೇಲು. ನವಶಿಲಾಯುಗದ ನುಣುಪು ಕೊಡಲಿಗಳು ಉಳುವಾಗ ಸಿಕ್ಕರೆ ಅವರು ಮರದ ಕೆಳಗಿನ ಕಟ್ಟೆಯ ಮೇಲೆ ತಂದಿಟ್ಟು ಕುಂಕುಮ ಹಚ್ಚುತ್ತಿದ್ದರು. ಸಿಡಿಲು ಬಿದ್ದ ಕಲ್ಲೆಂದು ನಂಬುತ್ತಿದ್ದರು. ನಂಬಿಕೆ ತಪ್ಪಿರಬಹುದು. ಆದರೆ ಇದು ಸುಮ್ಮನೆ ಬಿದ್ದ ಕಲ್ಲಲ್ಲ, ಇದರ ಹಿಂದೆ ಯಾರೋ ಇದ್ದಾರೆ ಎಂಬುದು ಅವರ ಕೈಗೆ ತಿಳಿಯಿತು. ಓದಿದ ನನ್ನ ಕೈಗೆ ತಿಳಿಯಲಿಲ್ಲ. ಮನುಷ್ಯ ಮಾಡಿದ, ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತುವನ್ನು 1972ರ ಕಾಯ್ದೆ ಪುರಾವಸ್ತು ಎನ್ನುತ್ತದೆ. ಕಾಯ್ದೆಯ ಭಯ ಬೇಡ, ಆ ಹಳ್ಳಿಗರ ಅಂಜಿಕೆಯಾದರೂ ಇರಲಿ.

ಆದ್ದರಿಂದ ಕಲ್ಲು ಹೆಕ್ಕುವವರಿಗೆ ನಾನು ಹೇಳುವುದು ಇಷ್ಟು. ನೀರಿನಲ್ಲಿ ಉರುಳಿ ಮೈಯೆಲ್ಲ ದುಂಡಗಾದ ಕಲ್ಲನ್ನು ತನ್ನಿ. ಅದೂ ಚೀಲಗಟ್ಟಲೆ ಬೇಡ. ಉಸುಕು ಒಯ್ಯುವವರು ಹೊಳೆಯ ಹೊಟ್ಟೆ ಬಗೆದದ್ದು ಸಾಲದೆ? ಸಾಲು ಸಾಲಾಗಿ ಸೀಳಿದ ಗುರುತುಳ್ಳದ್ದು, ಅಂಚಿನುದ್ದಕ್ಕೂ ಇಲಿ ಕಡಿದಂತೆ ಸಣ್ಣ ಹಲ್ಲುಗಳುಳ್ಳದ್ದು, ಪೆಟ್ಟು ಬಿದ್ದ ಕಡೆ ಚಿಪ್ಪಿನಂತೆ ಉಬ್ಬಿದ್ದು ಕಂಡರೆ ಅದನ್ನು ಬಿದ್ದಲ್ಲೇ ಬಿಡಿ, ತಿಳಿದವರಿಗೆ ಜಾಗ ತೋರಿಸಿ. ಅದಕ್ಕೆ ಒಪ್ಪವಿಡುವ ಹಕ್ಕು ನಮಗಿಲ್ಲ. ಅದರ ಕೆಲಸ ಒಬ್ಬರು ಮುಗಿಸಿ ಹೋಗಿದ್ದಾರೆ.

ನನ್ನ ಆ ಹಾಲುಬಣ್ಣದ ಕಲ್ಲು ಈಗಲೂ ಮೇಜಿನ ಮೇಲಿದೆ. ಬಂದವರು ಅದನ್ನೇ ಮೊದಲು ಎತ್ತಿಕೊಂಡು ಎಷ್ಟು ಚೆಂದ ಎನ್ನುತ್ತಾರೆ. ನಾನು ಅದನ್ನು ಮಗುಚಿ, ತಳದಲ್ಲಿ ಉಳಿದ ಆ ಒಂದಿಷ್ಟು ಏಣನ್ನು ತೋರಿಸುತ್ತೇನೆ.